ಮನೆಯಿಂದ ಕೆಲಸ: ಯಾವುದನ್ನು ಮೊದಲು ಕೊಳ್ಳಬೇಕು, ಯಾವುದು ಮನೆಯಲ್ಲೇ ಇದೆ

ಅಕ್ಕನ ಮಗಳಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ವಾರಕ್ಕೆ ಎರಡು ದಿನ ಕಚೇರಿ, ಮೂರು ದಿನ ಕೋಲಾರದ ಮನೆಯಿಂದಲೇ. ಮೊದಲ ಸಂಬಳ ಬರುವ ಮುನ್ನವೇ ಅವಳು ಕೊಳ್ಳಬೇಕಾದ ವಸ್ತುಗಳ ಪಟ್ಟಿ ಬರೆದುಕೊಂಡು ಬಂದು, "ಏನಾದರೂ ಬಿಟ್ಟುಹೋಗಿದೆಯಾ ನೋಡು ಚಿಕ್ಕಮ್ಮ" ಎಂದಳು. ವಿಡಿಯೊ ಸಭೆಗೆ ರಿಂಗ್ ಲೈಟ್, ಎತ್ತರದ ಬೆನ್ನಿನ ಗೇಮಿಂಗ್ ಕುರ್ಚಿ, ಬ್ಲೂಟೂತ್ ಹೆಡ್‌ಫೋನ್, ಬಣ್ಣದ ದೀಪ ಬೆಳಗುವ ಕೀಬೋರ್ಡ್, ಒಂದು ಪ್ರಿಂಟರ್.

ಅವುಗಳಲ್ಲಿ ಯಾವುದೂ ಕೆಟ್ಟ ವಸ್ತುವಲ್ಲ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಕರೆಂಟ್ ಹೋದರೆ ಆ ಪಟ್ಟಿಯ ಒಂದು ವಸ್ತುವೂ ಅವಳ ನೆರವಿಗೆ ಬರುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗಿನಿಂದ ನಾನು ಇದೇ ಊರಿನಲ್ಲಿ ಕುಳಿತು ಬೆಂಗಳೂರಿನ ಲೆಕ್ಕಪತ್ರ ಬರೆಯುತ್ತಿದ್ದೇನೆ. ಈ ವರ್ಷಗಳಲ್ಲಿ ಕಂಡುಕೊಂಡದ್ದು ಒಂದು ಕ್ರಮ: ಯಾವುದು ಕೈಕೊಟ್ಟರೆ ಕೆಲಸ ಪೂರ್ತಿ ನಿಲ್ಲುತ್ತದೆಯೋ ಅದಕ್ಕೆ ಮೊದಲು ದುಡ್ಡು ಹಾಕಬೇಕು. ಕರೆಂಟ್ ಮೊದಲು, ನೆಟ್ ಎರಡನೆಯದು, ಬೆನ್ನು ಮತ್ತು ಕತ್ತು ಮೂರನೆಯದು. ಉಳಿದ ಸಾಮಾನುಗಳಿಗೆ ಆಮೇಲೂ ಸಮಯವಿದೆ. ಅವಳ ಪಟ್ಟಿಯನ್ನು ನಾವಿಬ್ಬರೂ ಅದೇ ಕ್ರಮದಲ್ಲಿ ಹೊಸದಾಗಿ ಬರೆದೆವು. ತುಮಕೂರು, ಚಿಕ್ಕಬಳ್ಳಾಪುರದ ಮನೆಗಳಿಗೂ ಇದು ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ.

ಮೊದಲ ಹಂತ: ಕರೆಂಟ್

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 150 ಕಿಲೋಮೀಟರ್ ದೂರದ ಕೆಜಿಎಫ್‌ಗೆ ತಂತಿಯ ಮೂಲಕ ತಂದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ನಮ್ಮ ಜಿಲ್ಲೆಯ ನೆಲದಲ್ಲಿ ಗಣಿಯ ಯಂತ್ರಗಳಿಗಾಗಿ ಕರೆಂಟಿನ ಏರ್ಪಾಡು ಅಷ್ಟು ಹಿಂದೆಯೇ ಆಗಿತ್ತು. ಮನೆಯ ಮೂಲೆಯಲ್ಲಿ ಹಾಕಿಕೊಳ್ಳುವ ಮೇಜಿಗೂ ಮೊದಲ ಏರ್ಪಾಡು ಅದೇ ಆಗಬೇಕು.

ಏನನ್ನೂ ಕೊಳ್ಳುವ ಮೊದಲು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು, ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿ. ಚಾರ್ಜ್‌ಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಅರ್ಥಿಂಗ್ ಸರಿಯಿಲ್ಲದಿರುವುದರ ಸಾಮಾನ್ಯ ಲಕ್ಷಣ ಅದು. ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುವ ನಮ್ಮ ಕಡೆ ಅರ್ಥಿಂಗ್ ಗುಂಡಿಯೂ ಒಣಗುತ್ತದೆ, ಆಗಾಗ ಅದಕ್ಕೆ ನೀರು ಹಾಕಬೇಕು. ಅದೇ ದಿನ, ಮೀಟರ್ ಬೋರ್ಡಿನ ಹತ್ತಿರ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನನ್ನು ತಾನೇ ಕಡಿಯುವ ಸ್ವಿಚ್) ಇದೆಯೇ ಎಂದು ನೋಡಿಸಿ, ಇಲ್ಲದಿದ್ದರೆ ಹಾಕಿಸಿ. ಇದು ಜೀವ ಉಳಿಸುವ ಸಾಧನ. ಪಟ್ಟಿಯ ಮೊದಲ ಸಾಲಿನಲ್ಲಿ ನಾನು ಬರೆಸಿದ್ದು ಇದನ್ನೇ.

ಇನ್ನು ಯುಪಿಎಸ್. ನಮ್ಮಲ್ಲಿ ಬಹಳ ಮನೆಗಳಲ್ಲಿ ಅದು ಈಗಾಗಲೇ ಇರುತ್ತದೆ, ಆದರೆ ಅದರ ಲೈನ್ ಹಾಲಿನ ಫ್ಯಾನಿಗೂ ನಾಲ್ಕು ದೀಪಕ್ಕೂ ಮಾತ್ರ ಹೋಗಿರುತ್ತದೆ. ರೂಟರ್ ಇರುವ ಪ್ಲಗ್ ಪಾಯಿಂಟ್ ಆ ಲೈನಿನಲ್ಲಿ ಇರುವುದಿಲ್ಲ. ಕರೆಂಟ್ ಹೋದಾಗ ದೀಪ ಉರಿಯುತ್ತಿರುತ್ತದೆ, ನೆಟ್ ಸತ್ತಿರುತ್ತದೆ. ಹೊಸ ಬ್ಯಾಟರಿಯ ಬೆಲೆ ಕೇಳುವ ಮೊದಲು, ಇರುವ ಯುಪಿಎಸ್ ಲೈನನ್ನು ರೂಟರಿನ ಪ್ಲಗ್ಗಿಗೂ ನಿಮ್ಮ ಮೇಜಿನ ಪ್ಲಗ್ಗಿಗೂ ಎಳೆಸಿ. ಒಂದು ಗಂಟೆಯ ಕೆಲಸ.

ಹೊಸದಾಗಿ ಕೊಳ್ಳುವವರು ಸ್ವಲ್ಪ ಲೆಕ್ಕ ಹಾಕಿಕೊಳ್ಳಿ. ಲ್ಯಾಪ್‌ಟಾಪ್ 50 ವ್ಯಾಟ್, ಮಾನಿಟರ್ 25, ರೂಟರ್ 10, ಎಲ್‌ಇಡಿ ಬಲ್ಬ್ 9, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ 30. ಒಟ್ಟು ಸುಮಾರು 125 ವ್ಯಾಟ್. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 12 ಗುಣಿಸು 150, ಅಂದರೆ 1800 ವ್ಯಾಟ್-ಅವರ್ ಇರುತ್ತದೆ. ಯುಪಿಎಸ್‌ನೊಳಗೆ ಆಗುವ ನಷ್ಟ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬ ನಿಯಮ ಎರಡನ್ನೂ ಕಳೆದರೆ ಕೈಗೆ ಸಿಗುವುದು 1000ದಿಂದ 1200. ಅದನ್ನು 125ರಿಂದ ಭಾಗಿಸಿದರೆ, ಎಂಟರಿಂದ ಒಂಬತ್ತು ಗಂಟೆ ನಡೆಯುತ್ತದೆ. ಹಳೆಯ ಸಾದಾ ಫ್ಯಾನ್ ಆದರೆ ಅದೊಂದೇ 75 ವ್ಯಾಟ್ ಎಳೆದುಕೊಂಡು, ಆರೇಳು ಗಂಟೆಗೆ ಇಳಿಸುತ್ತದೆ. ಹಾಗಾಗಿ ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯುವುದಕ್ಕಿಂತ ಕೆಲಸದ ಕೋಣೆಯ ಫ್ಯಾನ್ ಬದಲಾಯಿಸುವುದು ಜಾಣತನ. ಯುಪಿಎಸ್ 'ಪ್ಯೂರ್ ಸೈನ್ ವೇವ್' ಮಾದರಿಯದೇ, ಅಂದರೆ ಮನೆಗೆ ಬರುವ ಕರೆಂಟಿನಂಥದ್ದನ್ನೇ ಕೊಡುವುದೇ, ಆಗಿರಲಿ. ಅಗ್ಗದ ಸ್ಕ್ವೇರ್ ವೇವ್ ಮಾದರಿಯಲ್ಲಿ ಫ್ಯಾನ್ ಗುಂಯ್ಗುಡುತ್ತದೆ, ಆ ಸದ್ದು ನಿಮ್ಮ ಮೈಕಿಗೂ ಹೋಗುತ್ತದೆ.

ಬ್ಯಾಟರಿಯ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಏನನ್ನೂ ಹಾಕಬೇಡಿ. ನಮ್ಮ ಕೊಳವೆ ಬಾವಿಯ ನೀರು ಎಷ್ಟು ಗಡಸು ಎಂಬುದನ್ನು ಬಿಸಿನೀರಿನ ಹಂಡೆಯ ಒಳಗೆ ಕಟ್ಟಿದ ಬಿಳಿ ಪದರವೇ ಹೇಳುತ್ತದೆ. ಆ ಲವಣ ಬ್ಯಾಟರಿಯ ಒಳಗೆ ಹೋದರೆ ಐದು ವರ್ಷ ಬಾಳಬೇಕಾದದ್ದು ಎರಡು ವರ್ಷಕ್ಕೆ ಮುಗಿಯಬಹುದು. ಶೋಧಿಸಿದ ನೀರು, ಕಾಯಿಸಿ ಆರಿಸಿದ ನೀರು ಯಾವುದೂ ಆಗುವುದಿಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಾಡುವ ಕಡೆ ಇಡಿ. ಅಡುಗೆ ಒಲೆಯ ಪಕ್ಕ, ದೇವರ ದೀಪ ಉರಿಯುವ ಮೂಲೆ ಬೇಡ.

ದೊಡ್ಡ ಯುಪಿಎಸ್‌ಗೆ ಈಗ ಕೈಯಲ್ಲಿ ದುಡ್ಡಿಲ್ಲವೆಂದರೆ ರೂಟರಿಗಾಗಿಯೇ ಸಿಗುವ ಮಿನಿ ಯುಪಿಎಸ್ ತನ್ನಿ. ಅಂಗೈಯಗಲದ ಪೆಟ್ಟಿಗೆ, ಸಾಧಾರಣವಾಗಿ ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಬರುತ್ತದೆ. ಮೂರು ನಾಲ್ಕು ಗಂಟೆ ರೂಟರ್ ನಡೆಯುತ್ತದೆ, ಅಷ್ಟು ಹೊತ್ತು ಲ್ಯಾಪ್‌ಟಾಪ್ ತನ್ನದೇ ಬ್ಯಾಟರಿಯಲ್ಲಿ ಓಡುತ್ತದೆ. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ತಿರುಗಿಸಿ ಅದರ ಮೇಲಿನ ಅಕ್ಷರ ಓದಿ. 12 ವೋಲ್ಟ್ ಎಂದಿದ್ದರೆ 12 ವೋಲ್ಟಿನದೇ ಬೇಕು, ಆಂಪ್ ಅದರಷ್ಟೇ ಇರಬೇಕು ಇಲ್ಲವೇ ಹೆಚ್ಚಿರಬೇಕು. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇರುವ ಮನೆಯಲ್ಲಿ ಎರಡಕ್ಕೂ ಕರೆಂಟ್ ಕೊಡುವ ಮಾದರಿ ಕೇಳಿ. ಅರ್ಥಿಂಗ್, ಆರ್‌ಸಿಸಿಬಿ ಕೆಲಸ ಮುಗಿದ ಮೇಲೆ ಮೊದಲು ಇದನ್ನು ಕೊಳ್ಳಿ ಎಂದು ನಾನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ.

ಎಕ್ಸ್‌ಟೆನ್ಷನ್ ಬೋರ್ಡ್ ಐಎಸ್‌ಐ ಗುರುತಿನದಾಗಿರಲಿ, ಮೂರು ಪಿನ್ನಿನದಾಗಿರಲಿ. 6 ಆಂಪ್ ಬೋರ್ಡ್ ತಾಳುವುದು 6 ಗುಣಿಸು 230, ಅಂದರೆ 1380 ವ್ಯಾಟ್. 1500 ವ್ಯಾಟಿನ ಕೆಟಲನ್ನು ಅದಕ್ಕೆ ಸಿಕ್ಕಿಸಿದರೆ ವೈರ್ ಬಿಸಿಯಾಗುತ್ತದೆ. ಕೆಟಲ್, ಇಸ್ತ್ರಿ ಪೆಟ್ಟಿಗೆಗೆ 16 ಆಂಪ್ ಪಾಯಿಂಟೇ ಬೇಕು.

ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ನಮ್ಮ ಬಯಲು ಸೀಮೆಯ ಗುಡುಗು ಸಿಡಿಲು ಜೋರು. ಸ್ಪೈಕ್ ಗಾರ್ಡ್ ಬೋರ್ಡ್ ವೋಲ್ಟೇಜಿನ ಸಣ್ಣ ದಿಢೀರ್ ಏರಿಕೆಯನ್ನು ತಡೆಯುತ್ತದೆ, ಹತ್ತಿರದಲ್ಲಿ ಬಿದ್ದ ಸಿಡಿಲನ್ನು ತಡೆಯುವುದಿಲ್ಲ. ಮೋಡ ಕಪ್ಪಾದ ಕೂಡಲೇ ಲ್ಯಾಪ್‌ಟಾಪ್, ಮಾನಿಟರ್, ರೂಟರ್ ಮೂರರ ಪ್ಲಗ್ಗನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ರೂಟರಿನಿಂದ ಲ್ಯಾಪ್‌ಟಾಪಿಗೆ ನೆಟ್ ತರುವ ತಾಮ್ರದ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಬಿಡಿಸಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್, ಎರಡರಲ್ಲಿ ಒಂದು ಮೊಬೈಲಿನಲ್ಲಿದ್ದರೆ ಮುನ್ಸೂಚನೆ ಸಿಗುತ್ತದೆ. ಕರೆಂಟಿನ ದೂರಿಗೆ ಬೆಸ್ಕಾಂ ಸಹಾಯವಾಣಿ 1912. ದುರಸ್ತಿಗಾಗಿ ನಿಲುಗಡೆ ಮಾಡುವ ಪ್ರಕಟಣೆ ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ, ಅದನ್ನು ನೋಡಿಕೊಂಡು ಮುಖ್ಯ ಸಭೆಗಳನ್ನು ಆ ಹೊತ್ತಿನಿಂದ ಆಚೆಗೆ ಸರಿಸಿಕೊಳ್ಳಬಹುದು.

ಬಿಲ್ಲಿನ ಚಿಂತೆ ಇರುವವರಿಗೆ: 50 ವ್ಯಾಟಿನ ಲ್ಯಾಪ್‌ಟಾಪ್ ದಿನಕ್ಕೆ 9 ಗಂಟೆಯಂತೆ 25 ದಿನ ಓಡಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಅದರ ಮೂರು ಪಟ್ಟು ತಿನ್ನಬಹುದು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಗಡಿಯ ಹತ್ತಿರ ಇರುವ ಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೇ ಹಂತ: ನೆಟ್

ನಮ್ಮ ಮನೆ ಹಳೆಯದು. ಕಲ್ಲಿನ ಕಂಬ, ಮೇಲೆ ಕಲ್ಲು ಚಪ್ಪಡಿ, ಒಂದೂವರೆ ಅಡಿ ದಪ್ಪದ ಗೋಡೆ. ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ಹಾಲಿನಲ್ಲಿ ಚೆನ್ನಾಗಿ ಬರುವ ಸಿಗ್ನಲ್ ಒಳಕೋಣೆಗೆ ಬರುವಷ್ಟರಲ್ಲಿ ಸೋತಿರುತ್ತದೆ. ಈ ಮೂರು ಜಿಲ್ಲೆಗಳಲ್ಲಿ ಇಂಥ ಮನೆಗಳು ಇನ್ನೂ ಬಹಳ ಇವೆ. ಅಲ್ಲಿರುವವರು ದುಬಾರಿ ರೂಟರಿಗೆ ದುಡ್ಡು ಕೊಡುವ ಮುನ್ನ ಲ್ಯಾನ್ ಕೇಬಲ್ ಎಳೆಯುವ ಯೋಚನೆ ಮಾಡಿ. ಕ್ಯಾಟ್-6 ಎಂಬ ಬಗೆಯ ಲ್ಯಾನ್ ಕೇಬಲ್ 100 ಮೀಟರ್‌ವರೆಗೂ ವೇಗ ಕಳೆದುಕೊಳ್ಳದೆ ಕೆಲಸ ಮಾಡುತ್ತದೆ, ನಮ್ಮ ಮನೆಗೆ 15 ಮೀಟರ್ ಸಾಕಾಯಿತು. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಕ್ಲಿಪ್ ಹೊಡೆದು ತಂದರೆ ಕಾಲಿಗೆ ತೊಡರುವುದಿಲ್ಲ. ಹೊಸ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ತೂತು ಇರುವುದಿಲ್ಲ, ಯುಎಸ್‌ಬಿಯಿಂದ ಲ್ಯಾನ್‌ಗೆ ಜೋಡಿಸುವ ಚಿಕ್ಕ ಅಡಾಪ್ಟರ್ ಸಿಗುತ್ತದೆ.

ವೈಫೈಯನ್ನೇ ಬಳಸುವುದಾದರೆ ರೂಟರನ್ನು ಟಿ.ವಿ. ಹಿಂದಿನಿಂದ, ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆದು ಎದೆಮಟ್ಟದ ಎತ್ತರದಲ್ಲಿ, ಮನೆಯ ನಡುವಿನಲ್ಲಿ ಇಡಿ. 5 ಗಿಗಾಹರ್ಟ್ಸ್ ಸಂಪರ್ಕ ವೇಗದ್ದು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್ ಪಕ್ಕದ ಕೋಣೆಯಲ್ಲಿದ್ದರೆ 2.4 ಗಿಗಾಹರ್ಟ್ಸ್ ಒಳ್ಳೆಯದು. ವಿಡಿಯೊ ಸಭೆಗೆ ಬೇಕಾಗುವುದು ಮೂರು ನಾಲ್ಕು ಎಂಬಿಪಿಎಸ್ ಅಷ್ಟೇ. 300 ಎಂಬಿಪಿಎಸ್ ಯೋಜನೆ ತಗೊಳ್ಳಿ ಎಂದು ಯಾರಾದರೂ ಒತ್ತಾಯಿಸಿದರೆ ಈ ಲೆಕ್ಕ ನೆನಪಿರಲಿ. 40-50ರ ಯೋಜನೆ ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ಬೇರೆ ಕಂಪನಿಯ ಸಿಮ್ ಒಂದನ್ನು ಇಟ್ಟುಕೊಳ್ಳಿ.

ಆ ಎರಡನೇ ಸಿಮ್ ಯಾವುದಿರಬೇಕು? ಜಾಹೀರಾತು ನೋಡಿ ನಿರ್ಧರಿಸಬೇಡಿ. ಬೇರೆ ಬೇರೆ ಸಿಮ್ ಇರುವ ನೆಂಟರು, ಅಕ್ಕಪಕ್ಕದವರ ಮೊಬೈಲುಗಳನ್ನು ನಿಮ್ಮ ಮೇಜಿನ ಮೇಲೆ ಇಟ್ಟು ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ವೇಗ ನೋಡಿ. ಫೈಬರ್ ಕಡಿದುಹೋದ ದಿನ ಮೊಬೈಲನ್ನು ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ನೆಟ್ ಹಂಚಿಕೊಳ್ಳಿ. ಹಾಟ್‌ಸ್ಪಾಟಿಗಿಂತ ಅದು ಸ್ಥಿರ, ಮೊಬೈಲೂ ಚಾರ್ಜ್ ಆಗುತ್ತಿರುತ್ತದೆ. ಒಂದು ದಿನ ನಮ್ಮ ಬೀದಿಯಲ್ಲಿ ನೀರಿನ ಪೈಪಿಗಾಗಿ ಅಗೆಯುವಾಗ ಕೇಬಲ್ ತುಂಡಾಗಿ, ಎರಡು ದಿನ ನಾನು ಹೀಗೆಯೇ ತೆರಿಗೆ ಲೆಕ್ಕ ಸಲ್ಲಿಸಿದ್ದೇನೆ.

ಮೂರನೇ ಹಂತ: ಕೂರುವುದು

ಇಲ್ಲಿ ಅಂಗಡಿಗೆ ಹೋಗುವ ಮೊದಲು ಒಂದು ಅಳತೆ ಟೇಪು ಹಿಡಿಯಿರಿ. ಪಾದ ಪೂರ್ತಿ ನೆಲಕ್ಕೆ ಊರುವಂತೆ ಕುರ್ಚಿಯ ಮೇಲೆ ಕುಳಿತು, ಭುಜ ಸಡಿಲ ಬಿಟ್ಟು, ಮೊಣಕೈಯನ್ನು 90 ಡಿಗ್ರಿಗೆ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟು ಇಂಚು ಇದೆಯೋ ಅದೇ ನಿಮ್ಮ ಮೇಜಿನ ಎತ್ತರ. ಅಂಗಡಿಯ ಮೇಜುಗಳು ಸಾಮಾನ್ಯವಾಗಿ 29-30 ಇಂಚು ಇರುತ್ತವೆ. ಐದಡಿ ಎರಡಂಗುಲದ ನನ್ನಂಥ ಹೆಂಗಸರಿಗೆ ಅದು ಎತ್ತರವೇ. ಭುಜ ಎತ್ತಿಕೊಂಡೇ ಟೈಪ್ ಮಾಡಬೇಕಾಗುತ್ತದೆ, ಸಂಜೆಗೆ ಕತ್ತಿನ ಬುಡ ಕಲ್ಲಾಗಿರುತ್ತದೆ. ನಾನು ನಮ್ಮೂರ ಬಡಗಿಯಿಂದ 26 ಇಂಚಿನ ಮೇಜು ಮಾಡಿಸಿದೆ. ಮಾಡಿಸಲು ಆಗದವರು ಕುರ್ಚಿಯನ್ನು ಏರಿಸಿ, ಕಾಲ ಕೆಳಗೆ ಊಟಕ್ಕೆ ಕೂರುವ ಮಣೆ ಇಡಿ. ಫುಟ್‌ರೆಸ್ಟ್ ಎಂದು ದುಡ್ಡು ಕೊಟ್ಟು ತರುವ ವಸ್ತು ಮಾಡುವ ಕೆಲಸವನ್ನೇ ಮಣೆ ಮಾಡುತ್ತದೆ.

ಲ್ಯಾಪ್‌ಟಾಪಿನ ತೊಂದರೆ ಎಂದರೆ ಅದರ ಪರದೆ ಕಣ್ಣಿನ ಮಟ್ಟಕ್ಕೆ ಬಂದರೆ ಕೀಲಿಗಳು ಗಲ್ಲದ ಹತ್ತಿರ ಬರುತ್ತವೆ, ಕೀಲಿಗಳು ಕೈಯ ಮಟ್ಟದಲ್ಲಿದ್ದರೆ ಕತ್ತು ಬಾಗುತ್ತದೆ. ಆದ್ದರಿಂದ ಸ್ಟ್ಯಾಂಡ್, ಬೇರೆ ಕೀಬೋರ್ಡ್, ಬೇರೆ ಮೌಸ್, ಈ ಮೂರನ್ನೂ ಒಟ್ಟಿಗೇ ಕೊಳ್ಳಬೇಕು. ಬರೀ ಸ್ಟ್ಯಾಂಡ್ ಕೊಂಡರೆ ಪ್ರಯೋಜನವಿಲ್ಲ. ಪರದೆಯ ಮೇಲಂಚು ಕಣ್ಣಿನ ನೇರಕ್ಕೆ, ಒಂದು ತೋಳಿನಷ್ಟು ದೂರಕ್ಕೆ ಇರಲಿ. ಸ್ಟ್ಯಾಂಡಿನ ಬದಲು ದಪ್ಪ ಪುಸ್ತಕಗಳನ್ನೂ ಇಡಬಹುದು, ಲ್ಯಾಪ್‌ಟಾಪಿನ ತಳದ ಗಾಳಿಕಿಂಡಿ ಮುಚ್ಚಬಾರದು ಅಷ್ಟೇ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟರೆ ಆ ಕಿಂಡಿ ಮುಚ್ಚಿ ಯಂತ್ರ ಕಾಯುತ್ತದೆ.

ಗೇಮಿಂಗ್ ಕುರ್ಚಿಯನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ನಮ್ಮ ಮಾರ್ಚ್-ಏಪ್ರಿಲ್ ಸೆಕೆಗೆ ರೆಕ್ಸಿನ್ ಹೊದಿಕೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಬಲೆ ಬೆನ್ನಿನ ಸಾದಾ ಕಚೇರಿ ಕುರ್ಚಿಯೇ ಮೇಲು. ಕಚೇರಿಗಳು ಮಾರುವ ಹಳೆಯ ಕುರ್ಚಿಗಳು ಬೆಂಗಳೂರಿನಲ್ಲಿ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ಕೊಳ್ಳುವಾಗ ಪೂರ್ತಿ ಏರಿಸಿ ಹತ್ತು ನಿಮಿಷ ಕುಳಿತು ನೋಡಿ, ನಿಧಾನವಾಗಿ ಕೆಳಗಿಳಿದರೆ ಅದರ ಗ್ಯಾಸ್ ಕೊಳವೆ ಹೋಗಿದೆ ಎಂದು ಅರ್ಥ. ಅಲ್ಲಿಯವರೆಗೆ ಮನೆಯ ಮರದ ಕುರ್ಚಿಯಲ್ಲಿ, ಸೊಂಟದ ಹಿಂದೆ ಸುರುಳಿ ಸುತ್ತಿದ ಟರ್ಕಿ ಟವೆಲ್ ಇಟ್ಟುಕೊಂಡರೆ ನಡೆಯುತ್ತದೆ. ಎಷ್ಟು ಒಳ್ಳೆಯ ಕುರ್ಚಿಯಾದರೂ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬನ್ನಿ. ಕಣ್ಣಿಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡುವ ಅಭ್ಯಾಸ ಒಳ್ಳೆಯದು. ನಾನು ಕಿಟಕಿಯಾಚೆಯ ಹೊಂಗೆ ಮರ ನೋಡುತ್ತೇನೆ.

ದಿನವಿಡೀ ಅಂಕಿಗಳನ್ನು ನೋಡುವವರಿಗೆ 24 ಇಂಚಿನ ಬೇರೆ ಮಾನಿಟರ್ ನಿಜವಾದ ಉಪಕಾರ. ಇದನ್ನೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಸ್ಥಿತಿಯಲ್ಲಿ ಕೊಳ್ಳಬಹುದು. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ ಚುಕ್ಕೆಗಳಿವೆಯೇ ನೋಡಿ, ಎಚ್‌ಡಿಎಂಐ ತೂತು ಇದೆಯೇ ನೋಡಿ, ರಸೀದಿ ಕೇಳಿ ಪಡೆಯಿರಿ.

ಸದ್ದು, ಬೆಳಕು

ಬ್ಲೂಟೂತ್ ಬದಲು ವೈರ್ ಇರುವ ಯುಎಸ್‌ಬಿ ಹೆಡ್‌ಸೆಟ್, ಬಾಯಿಯ ಮುಂದೆ ಬರುವ ಮೈಕ್‌ನೊಂದಿಗೆ. ಸಭೆಯ ನಡುವೆ ಅದರ ಚಾರ್ಜ್ ಮುಗಿಯುವ ಭಯವಿಲ್ಲ. ಮೈಕ್ ಬಾಯಿಗೆ ಹತ್ತಿರವಿದ್ದಷ್ಟೂ ಕುಕ್ಕರಿನ ಸೀಟಿ, ಎದುರಿನ ಹಿಟ್ಟಿನ ಗಿರಣಿ, ಸೊಪ್ಪು ಮಾರುವವರ ಕೂಗು ಹಿಂದೆ ಸರಿಯುತ್ತವೆ. ವೈರಿನ ಮೇಲೆಯೇ ಮ್ಯೂಟ್ ಗುಂಡಿ ಇರುವುದನ್ನು ಆರಿಸಿ. ಕಲ್ಲಿನ ಅಥವಾ ಟೈಲ್ಸ್ ನೆಲದ ಕೋಣೆಯಲ್ಲಿ ದನಿ ಗುಂಯ್ ಎಂದು ಪ್ರತಿಧ್ವನಿಸುತ್ತದೆ. ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಹತ್ತಿಯ ಪರದೆ ಹಾಕಿ ನೋಡಿ, ಕೇಳುವವರು ಎರಡೇ ದಿನದಲ್ಲಿ ವ್ಯತ್ಯಾಸ ಹೇಳುತ್ತಾರೆ.

ರಿಂಗ್ ಲೈಟ್ ಬೇಡವಾಯಿತು. ಮೇಜನ್ನು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಹಾಕಿದೆವು. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಎದುರಿಗಿದ್ದರೆ ಪರದೆ ನೋಡುವಾಗ ಕಣ್ಣು ಕುಕ್ಕುತ್ತದೆ. ಸಂಜೆಯ ಸಭೆಗಳಿಗೆ ಒಂದು ಟೇಬಲ್ ಲ್ಯಾಂಪನ್ನು ಬಿಳಿ ಗೋಡೆಯ ಕಡೆಗೆ ತಿರುಗಿಸಿದರೆ ಅದರ ಬೆಳಕು ಮೆತ್ತಗೆ ಮುಖಕ್ಕೆ ಬೀಳುತ್ತದೆ.

ಪ್ರಿಂಟರ್ ಕೂಡ ಬೇಡ. ತಿಂಗಳಿಗೆ ನಾಲ್ಕು ಹಾಳೆ ಮುದ್ರಿಸುವವರ ಮನೆಯಲ್ಲಿ ಇಂಕ್ ಒಣಗಿ ಕೂರುತ್ತದೆ. ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿ ಸಾಕು.

ಮನೆಯವರೊಂದಿಗೆ

ನನ್ನ ಮಟ್ಟಿಗೆ ಅತ್ಯಂತ ಉಪಯೋಗಕ್ಕೆ ಬಂದ ವಸ್ತು ಮಕ್ಕಳ ಸ್ಲೇಟು. ಬಾಗಿಲ ಹೊರಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಬೆಳಿಗ್ಗೆ ಬಳಪದಲ್ಲಿ '11ರಿಂದ 12, 3ರಿಂದ 3.30' ಎಂದು ಸಭೆಯ ಹೊತ್ತು ಬರೆದಿಡುತ್ತೇನೆ. ಅತ್ತೆಯವರು ಅದನ್ನು ನೋಡಿಯೇ ಕುಕ್ಕರ್ ಇಡುತ್ತಾರೆ. ಇದಕ್ಕೆ ಮುಂಚೆ ಅವರು ಪ್ರತಿ ಸಲ ಬಾಗಿಲು ಸರಿಸಿ ಇಣುಕಿ, ನಾನು ಮಾತನಾಡುತ್ತಿರುವುದು ಕಂಡು ಹಿಂದೆ ಸರಿಯುತ್ತಿದ್ದರು. ತಮ್ಮದೇ ಮನೆಯಲ್ಲಿ ಅವರು ಹೀಗೆ ಅಂಜುತ್ತಾ ಓಡಾಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಗೇಟಿಗೆ ಒಂದು ಕೊಕ್ಕೆ, ಅದರಲ್ಲಿ ಗಟ್ಟಿ ಬಟ್ಟೆಚೀಲ ಹಾಕಿಟ್ಟರೆ ಪಾರ್ಸೆಲ್, ಪತ್ರಿಕೆ, ಹಾಲಿನ ಪ್ಯಾಕೆಟ್ ಅದರೊಳಗೆ ಬೀಳುತ್ತವೆ. ಯಾರೂ ಕರೆಗಂಟೆ ಒತ್ತಬೇಕಾಗಿಲ್ಲ.

ಮೇಜಿನ ಮೇಲೆ ಅರ್ಧ ಲೀಟರಿನ ಫ್ಲಾಸ್ಕ್ ಇದ್ದರೆ ಚಹಾಕ್ಕಾಗಿ ಅಡುಗೆಮನೆಯವರಿಗೆ ಮೂರು ಸಲ ತೊಂದರೆ ಕೊಡುವುದು ತಪ್ಪುತ್ತದೆ. ಕೆಟಲ್ ಇಟ್ಟುಕೊಂಡರೆ ನಮ್ಮ ಗಡಸು ನೀರಿಗೆ ತಿಂಗಳೊಳಗೆ ಪದರ ಕಟ್ಟುತ್ತದೆ. ನೀರಿಗೆ ಎರಡು ನಿಂಬೆಹಣ್ಣು ಹಿಂಡಿ ಕುದಿಸಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಬಿಡುತ್ತದೆ. ಕೆಟಲನ್ನು ಯುಪಿಎಸ್ ಲೈನಿಗೆ ಎಂದಿಗೂ ಹಾಕಬೇಡಿ. ಕುಡಿಯುವ ನೀರನ್ನು ಮುಚ್ಚಳವಿರುವ ಬಾಟಲಿಯಲ್ಲಿಯೇ ಇಡಿ. ತೆರೆದ ಲೋಟ ಒಮ್ಮೆ ಕೈತಾಗಿ ಉರುಳಿದರೆ ಕೀಬೋರ್ಡ್ ಮುಗಿಯಿತು. ಒಕ್ಕಣೆಯ ಕಾಲದಲ್ಲಿ, ಬೇಸಿಗೆಯಲ್ಲಿ ಧೂಳು ವಿಪರೀತ. ಕೆಲಸ ಮುಗಿದ ಮೇಲೆ ಹಳೆಯ ಹತ್ತಿ ಸೀರೆಯ ತುಂಡನ್ನು ಲ್ಯಾಪ್‌ಟಾಪ್, ಮಾನಿಟರ್ ಎರಡರ ಮೇಲೂ ಹೊದಿಸಿ. ಯಂತ್ರ ತಣ್ಣಗಾದ ನಂತರ ಹೊದಿಸಿ.

ತಿಂಗಳಿಗೊಮ್ಮೆ

ಹೊಸ ಪಟ್ಟಿಯ ಕೊನೆಗೆ ಅಕ್ಕನ ಮಗಳು ತಿಂಗಳ ಮೊದಲ ಭಾನುವಾರದ ಕೆಲಸಗಳನ್ನು ಬರೆದುಕೊಂಡಳು. ಲ್ಯಾಪ್‌ಟಾಪ್ ಆರಿಸಿ, ಆರ್‌ಸಿಸಿಬಿಯ 'ಟೆಸ್ಟ್' ಗುಂಡಿ ಒತ್ತುವುದು. ಮನೆಯ ಕರೆಂಟ್ ಹೋದರೆ ಅದು ಸರಿಯಿದೆ, ಹೋಗದಿದ್ದರೆ ಅಂದೇ ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. ಬ್ಯಾಟರಿಯ ನೀರಿನ ಮಟ್ಟ ನೋಡುವುದು. ಮುಖ್ಯ ಸ್ವಿಚ್ ಆರಿಸಿ, ಯುಪಿಎಸ್‌ನಲ್ಲಿ ಅರ್ಧ ಗಂಟೆ ನಿಜವಾಗಿ ಕೆಲಸ ಮಾಡಿ ನೋಡುವುದು. ಕಡತಗಳ ಇನ್ನೊಂದು ಪ್ರತಿಯನ್ನು, ಕಂಪನಿಯ ನಿಯಮ ಒಪ್ಪಿದರೆ, ಹೊರಗಿನ ಡಿಸ್ಕ್‌ಗೆ ಹಾಕಿಡುವುದು. ಎರಡನೇ ಸಿಮ್‌ನ ವ್ಯಾಲಿಡಿಟಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಬ್ಯಾಟರಿಯ ಆಯುಸ್ಸು ಮುಗಿದಾಗ ಗುಜರಿಗೆ ಹಾಕದೆ ಹೊಸದು ಕೊಳ್ಳುವ ಅಂಗಡಿಗೇ ಕೊಡುವುದು. ಒಳಗಿನ ಸೀಸ ಮತ್ತು ಆಮ್ಲ ಚರಂಡಿಗೆ ಸೇರುವುದು ತಪ್ಪುತ್ತದೆ, ಹಳೆಯದಕ್ಕೆ ಬೆಲೆಯಲ್ಲಿ ಸ್ವಲ್ಪ ಕಡಿತವೂ ಸಿಗುತ್ತದೆ.